ದೇವರ ಗೂಡಿನಲ್ಲಿ ಅಪ್ಪನ ಪೈಪು

ರಾಜಾಜಿನಗರದ ನಮ್ಮ ಬೀದಿಯಲ್ಲಿ ಏಪ್ರಿಲ್ ತಿಂಗಳ ಸೆಕೆಯಲ್ಲೂ ಸಾಯಂಕಾಲ ಹಂಡೆಗೆ ಉರಿ ಹಾಕುತ್ತಿದ್ದ ಮನೆ ನಮ್ಮದೊಂದೇ. ಬೇರೆಯವರ ಮನೆಗಳಲ್ಲಿ ಬೆಳಿಗ್ಗೆ ಒಂದು ಸಲ ನೀರು ಕಾದರೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಅಪ್ಪ ಫ್ಯಾಕ್ಟರಿಯಿಂದ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಹೊತ್ತಿಗೆ ಸರಿಯಾಗಿ ಅಮ್ಮ ಹಿತ್ತಿಲ ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ, ಊದುಕೊಳವೆಯಲ್ಲಿ ಊದಿ, ಕಣ್ಣು ಕೆಂಪು ಮಾಡಿಕೊಂಡು ಹೊಗೆ ಎಬ್ಬಿಸುತ್ತಿದ್ದಳು. ಅದೂ ಒಣಗಿದ ಮಟ್ಟೆಯಲ್ಲ, ಅರ್ಧ ಹಸಿ ಮಟ್ಟೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ ಕೇಳೋರು:

“ಏನ್ರೀ ಕಮಲಾ, ನಿಮ್ಮನೇಲಿ ದಿನಾ ಸಾಯಂಕಾಲ ಎಣ್ಣೆ ಸ್ನಾನಾನಾ?”

“ಅಯ್ಯೋ, ಫ್ಯಾಕ್ಟರಿ ಗ್ರೀಸು ಕಣ್ರೀ. ತಣ್ಣೀರಲ್ಲಿ ಹೋಗಲ್ಲ,” ಅನ್ನೋಳು ಅಮ್ಮ.

ಗ್ರೀಸೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಕೆಲಸ ಮಾಡುತ್ತಿದ್ದದ್ದು ಟೂಲ್‌ರೂಮಿನಲ್ಲಿ, ಅಳತೆ ನೋಡುವ ಕೆಲಸ, ಕೈ ತೊಳೆದುಕೊಂಡೇ ಮನೆಗೆ ಬರುತ್ತಿದ್ದರು. ಆ ಮಟ್ಟೆಯ ಹೊಗೆ ಎದ್ದಿದ್ದು ಇನ್ನೊಂದು ಹೊಗೆಯನ್ನು ಮುಚ್ಚುವುದಕ್ಕೆ. ಅಪ್ಪ ಪೈಪು ಸೇದುತ್ತಿದ್ದರು. ಅದು ನಮ್ಮಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಗೊತ್ತಾಗಬಾರದಿತ್ತು.

ಮನೆ ಅಂದರೆ ಎಷ್ಟು ದೊಡ್ಡದು? ಮುಂದೆ ಒಂದು ಹಾಲು, ಮಧ್ಯೆ ಒಂದು ರೂಮು, ಹಿಂದೆ ಅಡುಗೆಮನೆ, ಅಡುಗೆಮನೆಯ ಗೋಡೆಯಲ್ಲೇ ದೇವರ ಗೂಡು, ಅದರಾಚೆ ಹಿತ್ತಿಲ ಬಾಗಿಲು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ತಗಡು ಹೊದಿಸಿದ ಬಚ್ಚಲು. ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೆ ನಿದ್ದೆ ಬರುವಂಥ ಮನೆಯಲ್ಲಿ ಒಂದು ಗುಟ್ಟು ಕಾಪಾಡಿಕೊಂಡು ಬಂದೆವು ಅಂದರೆ ಈಗಿನವರು ನಂಬುವುದಿಲ್ಲ. ಒಗೆಯುವ ಕಲ್ಲಿನ ಮೇಲೆ ಅಪ್ಪ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. ತಂಬಾಕಿನ ಡಬ್ಬಿ ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿ ಡಬ್ಬಿಯ ಹಿಂದೆ. ಅಲ್ಲಿ ಇಟ್ಟಿದ್ದು ಬಚ್ಚಿಡುವುದಕ್ಕೆ ಮಾತ್ರ ಅಲ್ಲ, ಬಚ್ಚಲಿನ ತೇವಕ್ಕೆ ತಂಬಾಕು ಒಣಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅದೂ ಸಾಲದೆ ಬಂದರೆ ಒಂದು ಚೂರು ಹಸಿ ಆಲೂಗಡ್ಡೆ ಕೊಯ್ದು ಡಬ್ಬಿಯೊಳಗೆ ಹಾಕುತ್ತಿದ್ದರು. ಅಮ್ಮ ಪಲ್ಯಕ್ಕೆ ಹೆಚ್ಚುವಾಗ ಒಂದು ಚೂರು ಪಕ್ಕಕ್ಕಿಟ್ಟರೆ ಅದು ತಂಬಾಕಿನದು ಅಂತ ನನಗೆ ಗೊತ್ತಾಗುತ್ತಿತ್ತು.

ಆ ಪೈಪು ಅಪ್ಪನಿಗೆ ಬಂದದ್ದು ಒಬ್ಬ ಜರ್ಮನ್ ಇಂಜಿನಿಯರನಿಂದ. ಹೊಸ ಮಿಷಿನ್ನು ಕೂರಿಸಲು ಬಂದಿದ್ದ ಅವನು ಊರಿಗೆ ಹೋಗುವಾಗ ಕೊಟ್ಟು ಹೋಗಿದ್ದ. ಅದರ ಜೊತೆಗೆ ಅವನ ಚಾಳಿಯೂ ಬಂತು. ಆದರೆ ಅವನು ಸೇದುತ್ತಿದ್ದ ತಂಬಾಕು ನಮ್ಮಂಥವರಿಗೆ ಎಟುಕುವುದಲ್ಲ. ಅಪ್ಪ ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯಲ್ಲಿ ಸಿಗುತ್ತಿದ್ದ ಕೆಂಪು ತಗಡಿನ ಡಬ್ಬಿಯ ತಂಬಾಕಿಗೆ ಅಂಟಿಕೊಂಡರು. ಎಷ್ಟೋ ವರ್ಷಗಳಿಂದ ಅದೇ ಡಬ್ಬಿ, ಅದೇ ಚಿತ್ರ, ಅದೇ ಹದ. ಅಗ್ಗದ ಮಾಲು. ಅಂಗಡಿಯವನು ದುಬಾರಿ ಡಬ್ಬಿ ತೋರಿಸಿದರೆ ಅಪ್ಪ, “ಅದೆಲ್ಲ ಸೆಂಟು ಹಾಕಿರೋದು ಸ್ವಾಮಿ, ಇದು ತಂಬಾಕು” ಅನ್ನುತ್ತಿದ್ದರು. ಮುಚ್ಚಳ ತೆಗೆದರೆ ಒಣಹುಲ್ಲಿನ ವಾಸನೆ, ಸ್ವಲ್ಪ ಬೆಲ್ಲ, ಸ್ವಲ್ಪ ಒಣದ್ರಾಕ್ಷಿ. ಹಚ್ಚಿದ ಮೇಲಿನ ವಾಸನೆ ನನಗೆ ಅಷ್ಟು ಸೇರುತ್ತಿರಲಿಲ್ಲ, ಡಬ್ಬಿಯ ವಾಸನೆ ಮಾತ್ರ ಬಹಳ ಇಷ್ಟ. ಹೊಗೆಸೊಪ್ಪಿನ ಪರವಾಗಿ ವಕಾಲತ್ತು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಅಪ್ಪನ ಎದೆ ಕೊನೆಗೆ ಏನಾಯಿತು ಅನ್ನುವುದು ನನಗೆ ಗೊತ್ತಿದೆ. ಆದರೆ ವಾಸನೆ ಚೆನ್ನಾಗಿತ್ತು ಅಂದರೆ ಚೆನ್ನಾಗಿತ್ತು, ಅದಕ್ಕೆ ಸುಳ್ಳು ಯಾಕೆ ಹೇಳಲಿ?

ಅಜ್ಜಿ ನಮ್ಮ ಮನೆಗೆ ಬಂದದ್ದೇ ಒಂದು ಹೊಗೆಯ ದೆಸೆಯಿಂದ. ಅದಕ್ಕೆ ಮುಂಚೆ ತುಮಕೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದಳು. ಏನೋ ಮಾತಿಗೆ ಮಾತು ಬೆಳೆದು, ದೊಡ್ಡಪ್ಪ ಸಿಟ್ಟಿನಲ್ಲಿ ಅವಳ ಎದುರಿಗೇ ಸಿಗರೇಟು ಹಚ್ಚಿ ಹೊಗೆ ಬಿಟ್ಟರಂತೆ. ನಮ್ಮ ಕಡೆ ಹೆತ್ತವರ ಮುಂದೆ, ಹಿರಿಯರ ಮುಂದೆ ಸೇದುವುದು ಅಂದರೆ ಮುಖಕ್ಕೆ ಉಗಿದ ಹಾಗೆ. ಅಜ್ಜಿ ಆವತ್ತೇ ಟ್ರಂಕು ತಗೊಂಡು ಬಸ್ಸು ಹತ್ತಿದಳು. ನಮ್ಮ ಹಾಲಿನಲ್ಲಿ ಟ್ರಂಕು ಇಳಿಸಿ, ನೀರು ಕೂಡ ಕುಡಿಯದೆ ಹೇಳಿದ ಮಾತು ಇದು:

“ನೋಡ್ರಪ್ಪಾ, ಈಗಲೇ ಹೇಳಿರ್ತೀನಿ. ನನ್ನ ಮುಖದ ಮುಂದೆ ಹೊಗೆ ಬಿಡೋ ಮಗನ ಮನೇಲಿ ನಾನು ಒಂದು ತುತ್ತೂ ಮುಟ್ಟಲ್ಲ. ಊರಲ್ಲಿ ನನ್ನ ತಂಗಿ ಇದಾಳೆ. ಅಲ್ಲಿ ಗಂಜಿ ಕುಡ್ಕೊಂಡಾದ್ರೂ ಇರ್ತೀನಿ.”

ಅವಳು ಬೆಳಿಗ್ಗೆಯಿಂದ ರಾತ್ರಿವರೆಗೆ ನಶ್ಯ ಏರಿಸುತ್ತಿದ್ದಳು, ಅದು ಬೇರೆ ಮಾತು. “ನಶ್ಯ ನನ್ನ ಮೂಗು, ನನ್ನ ಪಾಡು. ಹೊಗೆ ಹಂಗಲ್ಲ, ಇನ್ನೊಬ್ರ ಮೇಲೆ ಹೋಗುತ್ತೆ,” ಅನ್ನುವುದು ಅವಳ ನ್ಯಾಯ. ವಾದ ಮಾಡಿ ಗೆಲ್ಲುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿರಲಿಲ್ಲ.

ಅಜ್ಜಿ ಹೋಗಿಬಿಟ್ಟರೆ ಮನೆಯಲ್ಲಿ ಮುರಿದು ಬೀಳುತ್ತಿದ್ದದ್ದು ಅಮ್ಮನ ಕೆಲಸ. ಅಮ್ಮ ವಿಜಯನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಅಜ್ಜಿ ಬಂದ ಮೇಲೆಯೇ ಆ ಕೆಲಸಕ್ಕೆ ಸೇರಿದ್ದು. ಬೆಳಿಗ್ಗೆ ಅಡುಗೆ ಅಜ್ಜಿಯದು, ನಾನು ಸ್ಕೂಲಿಂದ ಬಂದರೆ ಬಾಗಿಲು ತೆಗೆಯುವವಳು ಅಜ್ಜಿ, ಜ್ವರ ಬಂದರೆ ಪಕ್ಕದಲ್ಲಿ ಮಲಗುವವಳು ಅಜ್ಜಿ. ಕಣ್ಣಿಗೆ ಪೊರೆ ಬಂದು ಎದುರಿಗಿರುವವರು ಮಬ್ಬುಮಬ್ಬಾಗಿ ಕಾಣುತ್ತಿದ್ದರೂ ಕೈ ಅಳತೆಯಲ್ಲೇ ಉಪ್ಪು ಹುಳಿ ಹಾಕುತ್ತಿದ್ದಳು. ಅಪ್ಪ ಬೇರೆ, “ಮಗೂನ ಬೀಗ ಹಾಕಿದ ಮನೆ ಮುಂದೆ ಕೂರಿಸೋ ಹಂಗಿದ್ರೆ ಕೆಲಸ ಬೇಡ” ಅಂತ ಮೊದಲೇ ಕರಾರು ಹಾಕಿದ್ದರು. ಅಮ್ಮನಿಗೆ ಆ ಕೆಲಸ ಪ್ರಾಣ. ಬೆಳಿಗ್ಗೆ ಸೀರೆಗೆ ಪಿನ್ನು ಹಾಕಿಕೊಂಡು ಹೊರಡುವಾಗ ಅವಳ ನಡಿಗೆಯೇ ಬೇರೆ. ಹೀಗಾಗಿ ಅಪ್ಪನ ಪೈಪನ್ನು ಅಪ್ಪನಿಗಿಂತ ಹೆಚ್ಚು ಜೋಪಾನ ಮಾಡಿದವಳು ಅಮ್ಮನೇ. ಅಪ್ಪನಿಗೆ “ಬಿಟ್ಟುಬಿಡಿ” ಅಂತ ಹೇಳಿ ನೋಡಿದ್ದಳು. ಆಗಲಿಲ್ಲ. ಆಗದಿದ್ದ ಮೇಲೆ ಹಸಿ ಮಟ್ಟೆ ಶುರು ಮಾಡಿದಳು.

ಇನ್ನು ಅಜ್ಜಿ. ಹಿತ್ತಿಲಿಗೆ ಬರಬೇಕಾದರೆ ಅಡುಗೆಮನೆಯಿಂದಲೇ ಕೆಮ್ಮುತ್ತಿದ್ದಳು. ಆಮೇಲೆ ಹಿತ್ತಿಲ ಬಾಗಿಲ ಚಿಲಕವನ್ನು ತೆಗೆಯಲು ಬಾರದವಳ ಹಾಗೆ ಗಡಗಡ ಅಲ್ಲಾಡಿಸುತ್ತಿದ್ದಳು. ಆ ಸದ್ದಿಗೆ ಅಪ್ಪ ಪೈಪನ್ನು ಬಕೆಟ್ಟಿನ ಹಿಂದೆ ತಳ್ಳಿ ಊದುಕೊಳವೆ ಕೈಗೆ ತಗೊಳ್ಳೋರು.

“ಯಾರೋ ಅದು?”

“ನಾನಮ್ಮ.”

“ಏನ್ ಮಾಡ್ತಿದೀಯೋ?”

“ಒಲೆ ಉರಿಸ್ತಿದೀನಿ.”

“ಮಟ್ಟೆ ಹಸಿ ಇರಬೇಕು. ಹೊಗೆ ಜಾಸ್ತಿ,” ಅಂದು ಅವಳು ಕೈಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹಾಲು ಇಟ್ಟವರೂ ಕಣ್ಣು ಮುಚ್ಚಿಕೊಂಡಿದ್ದರು. ಆದರೆ ಆಗ ನನಗೆ ಅದು ಹೊಳೆದಿರಲಿಲ್ಲ. ಅಜ್ಜಿಗೆ ನಿಜವಾಗಿಯೂ ಗೊತ್ತಿಲ್ಲ, ಗೊತ್ತಾದ ದಿನ ಹೊರಟುಹೋಗುತ್ತಾಳೆ ಅಂತಲೇ ನಂಬಿದ್ದೆ. ಬಚ್ಚಲ ಕಡೆ ಅಜ್ಜಿ ಹೆಜ್ಜೆ ಹಾಕಿದರೆ ಏನಾದರೂ ನೆಪ ಹೇಳಿ ಅವಳ ಸೆರಗು ಹಿಡಿದು ಎಳೆಯುತ್ತಿದ್ದೆ.

ಪೈಪನ್ನು ಅಪ್ಪ ಇಡುತ್ತಿದ್ದದ್ದು ಸಾಮಾನಿನ ಪೆಟ್ಟಿಗೆಯಲ್ಲಿ. ಸುತ್ತಿಗೆ, ಇಕ್ಕಳ, ಅರ, ಸ್ಕ್ರೂಡ್ರೈವರ್, ಇವುಗಳ ಕೆಳಗೆ ಹಳದಿ ಬಟ್ಟೆಯಲ್ಲಿ ಸುತ್ತಿ. ತಂಬಾಕನ್ನು ಒತ್ತಲು ಲೇಥಿನಲ್ಲಿ ತಾವೇ ಕಡೆದುಕೊಂಡ ಒಂದು ಹಿತ್ತಾಳೆ ಕಡ್ಡಿಯೂ ಅದರಲ್ಲೇ. ಆ ಪೆಟ್ಟಿಗೆಯನ್ನು ಅಪ್ಪ ಬಿಟ್ಟು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಅವರೇ ಸಾಮಾನು ಹೊರಗೆ ತೆಗೆದು, ಪೈಪನ್ನು ಜೇಬಿಗೆ ಸೇರಿಸಿ, ಮಿಕ್ಕದ್ದನ್ನು ಪೂಜೆಗೆ ಜೋಡಿಸುತ್ತಿದ್ದರು. ಆ ವರ್ಷ ಮಾತ್ರ ಫ್ಯಾಕ್ಟರಿಯಲ್ಲಿ ಪೂಜೆ ತಡವಾಯಿತು. ಕುಂಬಳಕಾಯಿ ಒಡೆದು, ಸಾಹೇಬರ ಭಾಷಣ ಮುಗಿದು, ಕಡ್ಲೆಪುರಿ ಹಂಚಿ ಬಿಡುವಷ್ಟರಲ್ಲಿ ಹೊತ್ತು ಮೀರಿತ್ತು. ಇಲ್ಲಿ ಅಜ್ಜಿ, ರಾಹುಕಾಲ ಬಂದುಬಿಡುತ್ತೆ ಅಂತ ಚಡಪಡಿಸಿ, ಪೆಟ್ಟಿಗೆ ತರಿಸಿಕೊಂಡು ಮಣೆಯ ಮುಂದೆ ಕೂತಳು. ಅಮ್ಮ ಸಜ್ಜಿಗೆಗೆ ರವೆ ಹುರಿಯುತ್ತಿದ್ದವಳು ನೋಡುವಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು.

“ಅತ್ತೆ, ಇರಿ, ಅವರೇ ಬರಲಿ.”

“ಅವನು ಬರೋ ಹೊತ್ತಿಗೆ ವಿಜಯದಶಮಿ ಆಗುತ್ತೆ. ನಾನು ಎಣ್ಣೆ ಬಟ್ಟೇಲಿ ಒರಸ್ಕೊಡ್ತೀನಿ, ನೀನು ಕುಂಕುಮ ಇಡು.”

ಅಜ್ಜಿ ಒಂದೊಂದಾಗಿ ತೆಗೆದಳು. ಕಣ್ಣು ಕಾಣದಿದ್ದರೂ ಕೈಗೆ ಎಲ್ಲ ತಿಳಿಯುತ್ತಿತ್ತು. “ಇದು ಸುತ್ತಿಗೆ. ಇದು ಇಕ್ಕಳ. ಇದು ಎಂಥದ್ದೇ ಪುಟ್ಟಿ?” ಅಂದರೆ ನಾನು “ಅರ, ಅಜ್ಜಿ” ಅನ್ನುತ್ತಿದ್ದೆ. ಅಮ್ಮ ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದಳು. ನನಗೆ ಸನ್ನೆ ಮಾಡಿದಳು, ಪೆಟ್ಟಿಗೆ ಎಳ್ಕೋ ಅಂತ. ಹೇಗೆ ಎಳ್ಕೊಳ್ಳಲಿ? ಅಜ್ಜಿಯ ಕೈ ಒಳಗಿದೆ. ಹಳದಿ ಬಟ್ಟೆ ಬಿಚ್ಚಿತು. ಅಜ್ಜಿ ಪೈಪಿನ ಬಟ್ಟಲಿನೊಳಗೆ ಕಿರುಬೆರಳು ಹಾಕಿ ನೋಡಿದಳು, ಅದರ ಕೊಳವೆಯ ಉದ್ದಕ್ಕೂ ಬೆರಳಾಡಿಸಿದಳು, ಮೂಗಿನ ಹತ್ತಿರ ತಂದಳು. ಒಲೆಯ ಮೇಲೆ ರವೆ ಸೀಯುತ್ತಿದ್ದ ವಾಸನೆ ಬಂತು. ಯಾರೂ ಏಳಲಿಲ್ಲ. ಅದೇ ಹೊತ್ತಿಗೆ ಅಪ್ಪ ಕಡ್ಲೆಪುರಿ ಪೊಟ್ಟಣ ಹಿಡಿದು ಒಳಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟರು.

ಅಜ್ಜಿ ಆ ಪೈಪನ್ನೂ ಎಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದಳು. ಅಮ್ಮನ ಕಡೆ ಚಾಚಿದಳು.

“ಕುಂಕುಮ ಇಡೇ ಕಮಲಾ. ಪೆಟ್ಟಿಗೇಲಿ ಇದ್ದ ಮೇಲೆ ಆಯುಧಾನೇ.”

ಅಮ್ಮ ಇಟ್ಟಳು. ಸುತ್ತಿಗೆಯ ಪಕ್ಕ ಪೈಪು, ಪೈಪಿನ ಮೇಲೊಂದು ಸೇವಂತಿಗೆ ಹೂವು. ಮಂಗಳಾರತಿಯೂ ಆಯಿತು. ಅಪ್ಪ ಕಣ್ಣು ಮುಚ್ಚಿ ಕೈ ಮುಗಿದುಕೊಂಡು ನಿಂತಿದ್ದರು, ಯಾವತ್ತೂ ಅಷ್ಟು ಹೊತ್ತು ನಿಂತವರಲ್ಲ.

ಪೂಜೆಗಿಟ್ಟ ಆಯುಧವನ್ನು ಆವತ್ತು ಮುಟ್ಟುವ ಹಾಗಿಲ್ಲ, ಮಾರನೆಯ ದಿನ ವಿಜಯದಶಮಿ ಪೂಜೆ ಆದ ಮೇಲೆಯೇ ತೆಗೆಯಬೇಕು. ಮಾರನೆಯ ದಿನ ಅಜ್ಜಿ ಸಾಮಾನನ್ನೆಲ್ಲ ತಾನೇ ಪೆಟ್ಟಿಗೆಗೆ ತುಂಬಿ ಅಪ್ಪನ ಕೈಗೆ ಕೊಟ್ಟಳು. ಪೈಪನ್ನು ಮಾತ್ರ ದೇವರ ಗೂಡಿನಲ್ಲಿ, ದೀಪದ ಹಿಂದೆ ಇಟ್ಟಳು. ಒಂದು ಮಾತಿಲ್ಲ, ಒಂದು ಬೈಗುಳವಿಲ್ಲ. ದಿನಾ ಬೆಳಿಗ್ಗೆ ಅಮ್ಮ ದೇವರಿಗೆ ಹೂವು ಏರಿಸುವಾಗ ಅಜ್ಜಿ ಪಕ್ಕದಲ್ಲಿ ನಿಂತು, “ಅದಕ್ಕೂ ಒಂದು ಇಡು” ಅನ್ನುತ್ತಿದ್ದಳು. ಅಮ್ಮ ಹಲ್ಲು ಕಚ್ಚಿಕೊಂಡು ಇಡುತ್ತಿದ್ದಳು. ನನಗೆ ನಗು ಬರುತ್ತಿತ್ತು, ನಕ್ಕರೆ ತೊಡೆ ಚಿವುಟುತ್ತಾರೆ ಅನ್ನುವ ಭಯವೂ ಇತ್ತು.

ಅಪ್ಪನ ಪಾಡು ಅಡಕತ್ತರಿಗೆ ಸಿಕ್ಕ ಅಡಿಕೆ. ಪೈಪು ಬೇಕಾದರೆ ಕೇಳಬೇಕು, ಕೇಳಿದರೆ ಸೇದುತ್ತೇನೆ ಅಂತ ಒಪ್ಪಿಕೊಂಡ ಹಾಗೆ, ಒಪ್ಪಿಕೊಂಡರೆ ಅಜ್ಜಿ ಟ್ರಂಕು ಎತ್ತಿದ ಹಾಗೆ. ಫ್ಯಾಕ್ಟರಿಯಲ್ಲಿ ಯಾರೋ ಸಿಗರೇಟು ಕೊಟ್ಟರಂತೆ, ಕಾಗದ ಸುಟ್ಟ ಹಾಗಿತ್ತು ಅಂತ ಬಿಸಾಕಿ ಬಂದರಂತೆ. ಸಾಯಂಕಾಲ ಕಲ್ಲಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿ ಇಡುತ್ತಿದ್ದರು. ಮುಖ ಗಡಿಗೆ. ಸಾರಿಗೆ ಉಪ್ಪಿಲ್ಲ ಅಂದರು, ರೇಡಿಯೋ ಕರಕರ ಅನ್ನುತ್ತೆ ಅಂದರು, ನನ್ನ ಜಡೆ ಸರಿಯಿಲ್ಲ ಅಂತ ಕೂಡ ಅಂದರು. ಜಡೆ ಹಾಕಿದ್ದು ಅಜ್ಜಿ. ಅದು ನೆನಪಾಗಿ ತಕ್ಷಣ ಸುಮ್ಮನಾದರು.

ದಸರಾ ರಜ ಮುಗಿಯುತ್ತಾ ಬಂತು. ಶನಿವಾರ ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದು ಮಂಚದ ಕೆಳಗಿನ ಟ್ರಂಕನ್ನು ಎಳೆಸಿದಳು. ಒಳಗಿದ್ದ ಸೀರೆಗಳನ್ನೆಲ್ಲ ತೆಗೆದು, ಬಿಸಿಲಿಗೆ ಹಾಕಿಸಿ, ಮತ್ತೆ ಮಡಿಸಿ ಒಳಗಿಟ್ಟಳು. ಮಳೆಗಾಲ ಮುಗಿದ ಮೇಲೆ ಎಲ್ಲರೂ ಬಟ್ಟೆಗೆ ಬಿಸಿಲು ತೋರಿಸುತ್ತಾರೆ, ಹಾಗೆ ನೋಡಿದರೆ ವಿಶೇಷ ಏನಿಲ್ಲ. ಆದರೆ ಅಮ್ಮ ಅದನ್ನು ನೋಡಿ ಬಿಳಿಚಿಕೊಂಡಳು. ಅಜ್ಜಿ ಹಾಲಿನಲ್ಲಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ಪಿಸುಮಾತಿನ ಜಗಳ ಶುರುವಾಯಿತು. ನಮ್ಮ ಮನೆಯಲ್ಲಿ ಜಗಳ ಆಗುತ್ತಿದ್ದದ್ದೇ ಪಿಸುಮಾತಿನಲ್ಲಿ.

“ಸೋಮವಾರ ಸ್ಕೂಲು ಶುರು. ಅವರು ಹೊರಟ್ರೆ ನಾನು ಹೆಡ್‌ಮಿಸ್ಟ್ರೆಸ್‌ಗೆ ಏನಂತ ಹೇಳ್ಲಿ?”

“ನಾನೇನ್ ಮಾಡ್ಲೇ? ಹೆತ್ತ ತಾಯಿ ಹತ್ರ ಹೋಗಿ ಪೈಪ್ ಕೊಡು ಅಂತ ಕೇಳೋಕಾಗುತ್ತಾ?”

“ಹಾಗಾದ್ರೆ ನಿಮ್ಮ ಹೊಗೆಗೆ ನನ್ನ ಕೆಲಸ ಹೋಗ್ಲಿ ಅಂತೀರಾ?”

ಅಮ್ಮನ ದನಿ ಒಡೆಯಿತು. ನನಗೆ ಎಲ್ಲಿಂದ ಬಂತೋ ಸಿಟ್ಟು. ಅಲ್ಲಿಯವರೆಗೆ ನಾನು ಬಾಯಿ ಸತ್ತ ಹುಡುಗಿ, ಹೊಗೆ ನೋಡಿದರೂ ನೋಡಿಲ್ಲ ಅನ್ನಲು ಚೆನ್ನಾಗಿ ಕಲಿತಿದ್ದವಳು. ಅಲ್ಲೇ ಮೂಲೆಯಲ್ಲಿ ಕೂತು ಬಿಡಿಸುತ್ತಿದ್ದ ಹುಣಿಸೆಹಣ್ಣನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಜೋರಾಗಿ, ಪಿಸುಮಾತಿನಲ್ಲಲ್ಲ, ಕಿರುಚಿಬಿಟ್ಟೆ:

“ಅಜ್ಜಿಗೆ ಗೊತ್ತು, ನಿಮಗೆ ಗೊತ್ತು, ಅಜ್ಜಿಗೆ ಗೊತ್ತು ಅಂತ ನಿಮಗೂ ಗೊತ್ತು! ಇನ್ನ ಯಾರಿಂದ ಮುಚ್ಚಿಡ್ತಿದೀರ? ಹೋಗಿ ಕೇಳಪ್ಪಾ!”

ಅಮ್ಮ ತೊಡೆ ಚಿವುಟಿದಳು, ನೀಲಿಗಟ್ಟಿತು. ಆ ನೀಲಿ ಮಾಯವಾಗಿ ಎಷ್ಟೋ ಕಾಲವಾಯಿತು, ಬಾಯಿ ಮಾತ್ರ ಆವತ್ತು ಬಿಟ್ಟದ್ದು ಮತ್ತೆ ಮುಚ್ಚಿಲ್ಲ. ಇಂದಿಗೂ ನಾಲ್ಕು ಜನ ಸೇರಿ ಗೊತ್ತಿರುವ ವಿಷಯದ ಸುತ್ತ ಸುಮ್ಮನೆ ಕೂತಿದ್ದರೆ ನನಗೆ ಬಾಯಿ ತಡೆಯುವುದಿಲ್ಲ. ನನ್ನ ಗಂಡನ ಮನೆಯವರು ಇದನ್ನು ದುಡುಕು ಅನ್ನುತ್ತಾರೆ. ಅನ್ನಲಿ.

ಹಾಲಿನಲ್ಲಿ ಅಜ್ಜಿ ಎದ್ದು ಕೂತ ಸದ್ದಾಯಿತು. ಎಲ್ಲ ಕೇಳಿಸಿತ್ತು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಪ್ಪ ಹಾಲಿಗೆ ಹೋಗಿ, ಅವಳ ಚಾಪೆಯ ತುದಿಯಲ್ಲಿ ಕೂತರು. ಹಿಂದೆಯೇ ಹೋದ ನಾನು ಬಾಗಿಲಿಗೆ ಅಂಟಿ ನಿಂತೆ. ಅಮ್ಮ ಅಡುಗೆಮನೆಯಿಂದ ಬರಲೇ ಇಲ್ಲ.

“ಅಮ್ಮಾ, ದೇವರ ಗೂಡಲ್ಲಿರೋದು ನಂದು.”

“ಏನದು?”

“ಪೈಪು.”

“ಏನಕ್ಕೆ?”

“ಸೇದೋಕೆ.” ನಲವತ್ತರ ಹತ್ತಿರದ ಗಂಡಸು, ಕೈಕೆಳಗೆ ಜನ ಇರುವವರು, ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ನೆಲ ನೋಡುತ್ತಿದ್ದರು.

“ನಾನು ಬರೋಕ್ ಮುಂಚಿಂದಾನೂ?”

“ಹೂಂ.”

“ಸರಿ. ಹೋಗಿ ತಗೊಂಬಾ. ಅದರ ಡಬ್ಬಿ ಎಲ್ಲಿದೆಯೋ ಅದನ್ನೂ ತಾ. ಬೆಂಕಿಪೊಟ್ಟಣಾನೂ.”

ಅಪ್ಪ ತಂದರು. ಅಜ್ಜಿ ಡಬ್ಬಿಯನ್ನು ಕೈಗೆ ತಗೊಂಡು ಮೂಸಿ, “ಪರವಾಗಿಲ್ಲ, ಹದವಾಗಿದೆ” ಅಂದಳು. ನಶ್ಯದವಳಲ್ಲವೇ, ತಂಬಾಕಿನ ಹದ ಗೊತ್ತಿತ್ತು. ಡಬ್ಬಿ ವಾಪಸ್ಸು ಕೊಟ್ಟಳು.

“ಹಚ್ಚು.”

“ಅಮ್ಮಾ…”

“ಇಲ್ಲೇ ಹಚ್ಚು. ನನಗೂ ಸಾಕಾಗಿದೆ ಕಣೋ. ನನ್ನ ಮನೆ ಹಿತ್ತಿಲಿಗೆ ಹೋಗೋಕೆ ನಾನು ಕೆಮ್ಮಬೇಕು, ಚಿಲಕ ಅಲ್ಲಾಡಿಸಬೇಕು. ನಿನ್ನ ಹೆಂಡ್ತಿ ದಿನಾ ಹೊಗೆ ಕುಡೀಬೇಕು. ಈ ಮಗು ಹೆದರ್ಕೊಂಡು ಸಾಯ್ಬೇಕು. ಎದುರಿಗೇ ಸೇದು. ನಿಮ್ಮಣ್ಣ ಸೇದಲಿಲ್ವಾ?”

ಅವಳು ಬೈಯುತ್ತಿದ್ದಾಳಾ, ಅಪ್ಪಣೆ ಕೊಡುತ್ತಿದ್ದಾಳಾ ನನಗೆ ತಿಳಿಯಲಿಲ್ಲ. ಅಪ್ಪನಿಗೂ ತಿಳಿದಂತೆ ಕಾಣಲಿಲ್ಲ. ಪೈಪಿನ ಮೇಲಿದ್ದ ಕುಂಕುಮವನ್ನು ಹೆಬ್ಬೆರಳಲ್ಲಿ ಒರೆಸಿದರು. ತಂಬಾಕನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಕೆಳಗೆ ಸಡಿಲವಾಗಿ, ಮೇಲೆ ಸ್ವಲ್ಪ ಬಿಗಿಯಾಗಿ, ಹಿತ್ತಾಳೆ ಕಡ್ಡಿಯಲ್ಲಿ ಒತ್ತಿದರು. ದಿನಾ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ, ಆವತ್ತು ಅರ್ಧ ತಂಬಾಕು ಚಾಪೆಯ ಮೇಲೆ ಬಿತ್ತು. ಬೆಂಕಿಕಡ್ಡಿ ಗೀರಿದರು. ಪೈಪು ತುಟಿಯವರೆಗೆ ಬಂತು. ಅಜ್ಜಿಯ ಮುಖ ಅಲ್ಲೇ, ಕೈಯಳತೆ ದೂರದಲ್ಲಿ, ಮಬ್ಬು ಕಣ್ಣು ಅಪ್ಪನ ಕಡೆಗೇ. ಬೆಂಕಿಕಡ್ಡಿ ಉರಿದು ಉರಿದು ಬೆರಳು ಸುಟ್ಟಿತು. ಕೊಡವಿ ಇನ್ನೊಂದು ಗೀರಿದರು. ಅದೂ ಹಾಗೇ ಆಯಿತು. ಕೈ ಎಷ್ಟು ನಡುಗುತ್ತಿತ್ತು ಅಂದರೆ ಪೊಟ್ಟಣದೊಳಗಿನ ಕಡ್ಡಿಗಳು ಗಲಗಲ ಅನ್ನುತ್ತಿದ್ದವು. ನನಗೆ ಅಪ್ಪನನ್ನು ನೋಡಿ ಅಯ್ಯೋ ಅನ್ನಿಸಿತು. ಓಡಿ ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು.

“ಆಗಲ್ಲಮ್ಮ,” ಅಂದರು ಅಪ್ಪ. ಪೈಪು, ಡಬ್ಬಿ, ಪೊಟ್ಟಣ ಮೂರನ್ನೂ ಎದೆಗೆ ಒತ್ತಿಕೊಂಡು ಎದ್ದು, ಅಡುಗೆಮನೆ ದಾಟಿ ಹಿತ್ತಿಲಿಗೆ ಹೋಗಿ ಬಾಗಿಲು ಎಳೆದುಕೊಂಡರು.

ಅಜ್ಜಿ ನಾನಿದ್ದ ಬಾಗಿಲ ಕಡೆ ತಿರುಗಿದಳು.

“ಪುಟ್ಟೀ, ಹಚ್ಚಿದ್ನೇನೇ?”

“ಇಲ್ಲ ಅಜ್ಜಿ. ಕೈ ನಡುಗಿಬಿಡ್ತು.”

“ನಡುಗ್ತಾ? ನೀನು ಸರಿಯಾಗಿ ನೋಡ್ದೆಯಾ?”

“ನೋಡ್ದೆ ಅಜ್ಜಿ. ಬೆರಳೂ ಸುಟ್ಕೊಂಡ್ರು.”

ಅಜ್ಜಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಚಾಪೆಯ ಮೇಲೆ ಬಿದ್ದಿದ್ದ ತಂಬಾಕನ್ನು ಬೆರಳಲ್ಲಿ ತಡವಿ ತಡವಿ ಒಂದು ಕಡೆ ಗುಡ್ಡೆ ಮಾಡಿದಳು.

“ಹೋಗಿ ನಿಮ್ಮಮ್ಮನ್ನ ಕೇಳ್ಕೊಂಡು ಬಾ. ಸೋಮವಾರ ಸ್ಕೂಲಿಗೆ ಅವಳ ಊಟದ ಡಬ್ಬಿಗೆ ಏನು ಕಟ್ಲಿ ಅಂತ.”

ನಾನು ಅಡುಗೆಮನೆಗೆ ಓಡಿದೆ. ಅಮ್ಮ ಒಲೆಯ ಮುಂದೆ, ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಳು. ಅಜ್ಜಿ ಅಂದದ್ದನ್ನು ಅಂದ ಹಾಗೇ ಹೇಳಿದೆ. ಅಮ್ಮ ತಿರುಗಲಿಲ್ಲ. ಎರಡು ಸಲ ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

“ಚಿತ್ರಾನ್ನ ಅನ್ನು,” ಅಂದಳು.